ನಿಂತುಹೋದ ಪೆಟ್ರೋಲ್ ಜೀಪಿನ ಇಂಜಿನ್ ಎಬ್ಬಿಸೋದು

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಸಿಜೆ-3ಬಿ (ಹಳೇ ವಿಲ್ಲೀಸ್ ಮಾದರಿ) ಜೀಪಿಗೆ ಹೊಸ ಬ್ಯಾಟರಿ ಹಾಕಿ ಸೀದಾ ಸೆಲ್ಫ್ ಹೊಡೀಬೇಡಿ. ತುಕ್ಕು ಹಿಡಿದ ಬೋರಲ್ಲಿ (ಸಿಲಿಂಡರಿನ ಒಳಗೋಡೆಯಲ್ಲಿ) ಪಿಸ್ಟನ್ನಿನ ರಿಂಗ್ ಮುರಿಯುತ್ತೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಎರಡೆರಡು ಚಮಚ ಆಯಿಲ್ ಬಿಟ್ಟು ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಇಂಜಿನ್ನನ್ನು ಕೈಯಲ್ಲೇ ತಿರುಗಿಸೋ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ. ಬಿಗಿಯಾಗಿದ್ದರೆ ಇನ್ನೂ ಕಾಯಿರಿ, ಮೈಬಲ ತೋರಿಸಬೇಡಿ.

ಆಮೇಲೆ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರಲ್ಲಿ ಎಷ್ಟು ಒತ್ತಡ ಬರುತ್ತೆ ಅಂತ, ಗೇಜ್ ಇಟ್ಟು ನೋಡಿ. ಕಮ್ಮಿ ಬಂದ ಸಿಲಿಂಡರಿಗೆ ಸ್ವಲ್ಪ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ಅನುಮಾನ. ಈ ಇಂಜಿನ್ನಿನ ಇನ್‌ಟೇಕ್ (ಒಳಗೆ ಎಳೆಯೋ) ವಾಲ್ವ್ ಮೇಲಿನ ಹೆಡ್ಡಲ್ಲಿ, ಎಕ್ಸಾಸ್ಟ್ (ಹೊಗೆ ಬಿಡೋ) ವಾಲ್ವ್ ಕೆಳಗಿನ ಬ್ಲಾಕಲ್ಲಿ. ಹಾಗಾಗಿ ಹೆಡ್ ಬಿಚ್ಚಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಅಂದಹಾಗೆ, ಒಂದು ಹೆಡ್ ಬೋಲ್ಟ್ ಕಾರ್ಬ್ಯುರೇಟರಿನ ಅಡಿಯಲ್ಲಿ ಅಡಗಿ ಕೂತಿರುತ್ತೆ. ಅದನ್ನು ಬಿಚ್ಚದೆ ಹೆಡ್ ಎಬ್ಬಿದರೆ ಹೆಡ್ಡೇ ಹಾಳು.

ಕಾರ್ಬ್ಯುರೇಟರ್ ಜೆಟ್ಟಿಗೆ (ಪೆಟ್ರೋಲ್ ಹಾಯೋ ಸಣ್ಣ ತೂತಿಗೆ) ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತೆ. ಕ್ಲೀನರಲ್ಲಿ ನೆನೆಸಿ ಗಾಳಿ ಹೊಡೆಯಿರಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ.

ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.5 ಮಿ.ಮೀ., ಪ್ಲಗ್ 0.75. ಫೈರಿಂಗ್ ಆರ್ಡರ್ (ಸಿಲಿಂಡರಿಗೆ ಕಿಡಿ ಬೀಳೋ ಕ್ರಮ) 1-3-4-2. ಸ್ಟಾರ್ಟ್ ಮಾಡುವಾಗ ಹ್ಯಾಂಡಲಿಗೆ ಹೆಬ್ಬೆರಳು ಸುತ್ತಬೇಡಿ. ತಿರುಗಿ ಒದ್ದರೆ ಮೂಳೆ ಮುರಿಯುತ್ತೆ.