ಸ್ಪ್ಯಾನರ್ ಕೊಳ್ಳುವ ಮುನ್ನ ನಟ್ ನೋಡಿ

ಐಟಿಐ ಮುಗಿಸಿ ನಮ್ಮ ಗ್ಯಾರೇಜಿಗೆ ಕೆಲಸ ಕಲಿಯಲು ಬಂದ ಹುಡುಗ ಮೊದಲ ದಿನವೇ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಹೊತ್ತು ತಂದಿದ್ದ. ‘ಅಣ್ಣಾ, 108 ಪೀಸು! ಆನ್‌ಲೈನಲ್ಲಿ ಅರ್ಧ ರೇಟಿಗೆ ಸಿಕ್ತು’ ಅಂದ. ಇಬ್ಬರೂ ಕೂತು ಎಣಿಸಿದೆವು. ಅರ್ಧಕ್ಕರ್ಧ ಬೆರಳುದ್ದದ ಸ್ಕ್ರೂ ಡ್ರೈವರ್ ಬಿಟ್‌ಗಳು. ನಟ್ಟಿನ ಮೇಲೆ ಟೊಪ್ಪಿಯಂತೆ ಕೂರುವ ಸಾಕೆಟ್‌ಗಳು 4ರಿಂದ 32 ಮಿ.ಮೀ.ವರೆಗೆ ಇದ್ದವು. ರಿಂಗ್ ಸ್ಪ್ಯಾನರ್ ಮಾತ್ರ ಒಂದೂ ಇಲ್ಲ, ಪ್ಲೇಯರ್ (ಇಕ್ಕಳ) ಇಲ್ಲ. ಆವತ್ತು ಬೋಣಿಗೆಗೆ ಬಂದದ್ದು ಚೈನ್ ಸಡಿಲವಾದ ಒಂದು ಬೈಕ್. ಅಡ್ಜಸ್ಟರಿನ ನಟ್ಟನ್ನು ಹಿಡಿದುಕೊಂಡು ಲಾಕ್ ನಟ್ ಸಡಿಲಿಸಬೇಕು, ಅಂದರೆ ಒಂದೇ ಸೈಜಿನ ಸ್ಪ್ಯಾನರ್ ಎರಡು ಬೇಕು. 108 ಪೀಸಿನ ಪೆಟ್ಟಿಗೆ ಬೆಂಚಿನ ಮೇಲೆ ಸುಮ್ಮನೆ ಕೂತಿತ್ತು.

ಹೊಸದಾಗಿ ಕೆಲಸಕ್ಕಿಳಿಯುವವರು, ಸ್ವಂತ ಗಾಡಿಯನ್ನು ತಾವೇ ಬಿಚ್ಚಿ ನೋಡುವ ಆಸೆಯವರು ಇಬ್ಬರೂ ಎಡವುವುದು ಇಲ್ಲೇ. ಪೀಸಿನ ಲೆಕ್ಕ ನೋಡಿ ಕೊಳ್ಳುತ್ತಾರೆ. ನಟ್ಟಿನ ತಲೆಗೆ ನೇರವಾಗಿ ತಾಗುವ ಸಾಮಾನಿಗೆ ಕೈಬಿಚ್ಚಿ ದುಡ್ಡು ಹಾಕಿ, ಉಳಿದದ್ದರಲ್ಲಿ ಹಿಡಿತ ಮಾಡಿ ಅನ್ನುವುದು ನನ್ನ ಲೆಕ್ಕ.

ಮೊದಲು ನೋಟ್‌ಬುಕ್, ಆಮೇಲೆ ಅಂಗಡಿ

ನೀವು ಯಾವ ಗಾಡಿ ರಿಪೇರಿ ಮಾಡುತ್ತೀರಿ? ಇದಕ್ಕೆ ಉತ್ತರ ಗೊತ್ತಿಲ್ಲದೆ ಅಂಗಡಿ ಮೆಟ್ಟಿಲು ಹತ್ತಬೇಡಿ. ಹೀರೊ, ಹೋಂಡಾ, ಯಮಹಾ, ಸುಜುಕಿ, ಮಾರುತಿ ಎಲ್ಲ ಜಪಾನಿನ ವಂಶ. ಇವುಗಳಲ್ಲಿ 8, 10, 12, 14, 17, 19ರ ಸ್ಪ್ಯಾನರ್ ಇದ್ದರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಈ ನಂಬರ್ ಅಂದರೆ ನಟ್ಟಿನ ತಲೆಯ ಅಗಲ, ಮಿ.ಮೀ. ಲೆಕ್ಕದಲ್ಲಿ. ಯುರೋಪಿನ ಮೂಲದ ಗಾಡಿಗೆ ಹೋದರೆ 13 ಬೇಕು, 16 ಬೇಕು, ಜೊತೆಗೆ ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್‌ಗಳೂ ಬೇಕು. ಕಾರಣ ಸರಳ. 8 ಮಿ.ಮೀ. ದಪ್ಪದ ಬೋಲ್ಟಿನ ತಲೆಯನ್ನು ಜಪಾನಿನವರು 12ಕ್ಕೆ ಮಾಡುತ್ತಾರೆ, ಜರ್ಮನಿಯವರು 13ಕ್ಕೆ. 10ರ ಬೋಲ್ಟಿಗೆ ಜಪಾನಿನಲ್ಲಿ 14, ಅತ್ತ 16 ಅಥವಾ 17. 6ರ ಬೋಲ್ಟಿನ ತಲೆ ಮಾತ್ರ ಇಬ್ಬರಲ್ಲೂ 10. ಗ್ಯಾರೇಜಿನಲ್ಲಿ 10ರ ಸ್ಪ್ಯಾನರಿಗೆ ಅಷ್ಟು ಬೇಡಿಕೆ ಇರುವುದು ಇದಕ್ಕೇ.

ಹಳೆಯ ಬಜಾಜ್ ಚೇತಕ್ ಬಂದರೆ ಇಟಲಿಯ ನೆನಪಾಗುತ್ತದೆ, ಅದರ ಮೂಲ ಅಲ್ಲಿಯ ವೆಸ್ಪಾ ಸ್ಕೂಟರ್. ಅದರಲ್ಲಿ 11 ಮತ್ತು 13. ಹಳೆಯ ಕಬ್ಬಿಣದ ಇಂಜಿನ್ನಿನ ಬುಲೆಟ್‌ಗೆ ಬ್ರಿಟಿಷರ ವಿಟ್ವರ್ತ್ ಅಳತೆಯ ಸ್ಪ್ಯಾನರ್ ಬೇರೆಯೇ. ಹಳ್ಳಿ ಕಡೆ ಮ್ಯಾಸ್ಸಿ ಟ್ರ್ಯಾಕ್ಟರ್ ಮುಟ್ಟುವವರಿಗೆ ಇಂಚಿನ ಸೆಟ್ ಬೇಕು. ಚಕ್ರದ ನಟ್‌ಗೆ ಮಾರುತಿಯಲ್ಲಿ 19, ಹ್ಯುಂಡೈಯಲ್ಲಿ 21. ಸ್ಪಾರ್ಕ್ ಪ್ಲಗ್‌ಗೆ 16 ಮತ್ತು 21.

ಒಂದು ವಾರ ಬೇರೆಯವರ ಸಾಮಾನಿನಲ್ಲಿ ಕೆಲಸ ಮಾಡಿ, ಯಾವ ನಂಬರ್ ಎಷ್ಟು ಸಲ ಕೈಗೆತ್ತಿಕೊಂಡಿರಿ ಎಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ. ಆ ಹಾಳೆಯೇ ನಿಮ್ಮ ಖರೀದಿ ಪಟ್ಟಿ.

ಓಪನ್ನೋ, ರಿಂಗೋ?

ಎರಡೂ ಕಡೆ ಬಾಯಿ ತೆರೆದ ಸ್ಪ್ಯಾನರ್ ನಟ್ಟಿನ ಎರಡು ಪಕ್ಕೆಯನ್ನಷ್ಟೇ ಹಿಡಿಯುತ್ತದೆ. ರಿಂಗ್ ಆರೂ ಮೂಲೆಗಳನ್ನು ಅಪ್ಪಿಕೊಳ್ಳುತ್ತದೆ. ತುಕ್ಕು ಹಿಡಿದ ಸೈಲೆನ್ಸರ್ ನಟ್ಟಿಗೆ ಓಪನ್ ಹಾಕಿ ಎಳೆದರೆ ಮೂಲೆ ಸವೆದು ನಟ್ ದುಂಡಗಾಗುತ್ತದೆ. ಆಮೇಲೆ ಉಳಿ, ಸುತ್ತಿಗೆ, ವೆಲ್ಡಿಂಗ್ ಅಂಗಡಿ, ಗಿರಾಕಿಯ ಬೈಗುಳ. ಸಡಿಲಿಸುವ ಮೊದಲ ಎಳೆತ, ಬಿಗಿ ಮಾಡುವ ಕೊನೆಯ ಎಳೆತ ಎರಡೂ ರಿಂಗಿನಲ್ಲೇ ಆಗಬೇಕು. ನಡುವೆ ಬೇಗಬೇಗ ತಿರುಗಿಸಲು ಓಪನ್ ಸಾಕು.

ಹಾಗಾಗಿ ಒಳ್ಳೆಯ ರಿಂಗ್ ಸೆಟ್ ಒಂದು, ಸಾಧಾರಣ ಓಪನ್ ಸೆಟ್ ಒಂದು ಕೊಳ್ಳಿ. ಪೇಟೆಯಲ್ಲಿ ಇವು 6-7, 8-9, 10-11, 12-13, 14-15, 16-17, 18-19 ಹೀಗೆ ಜೋಡಿಯಾಗಿ ಬರುತ್ತವೆ. ಎರಡೂ ಸೆಟ್ ಇದ್ದರೆ ಪ್ರತಿ ನಂಬರೂ ಎರಡೆರಡು ಆಯಿತು, ಚೈನಿನ ಸಮಸ್ಯೆ ಅಲ್ಲಿಗೆ ತೀರಿತು. ಒಂದು ತುದಿ ಓಪನ್, ಇನ್ನೊಂದು ತುದಿ ಅದೇ ಅಳತೆಯ ರಿಂಗ್ ಇರುವ ಕಾಂಬಿನೇಷನ್ ಸ್ಪ್ಯಾನರ್ ಇಷ್ಟಪಡುವವರು ಸೆಟ್ ಕೊಂಡು, 10, 12, 14 ಮಾತ್ರ ಬಿಡಿಯಾಗಿ ಇನ್ನೊಂದೊಂದು ತೆಗೆದುಕೊಳ್ಳಲಿ.

ಅಂಗಡಿಯಲ್ಲಿ ನಿಂತು ನೋಡುವುದು ಏನನ್ನು?

ಜೇಬಿನಲ್ಲಿ ಹೊಸ ಬೋಲ್ಟ್ ಎರಡು ಇಟ್ಟುಕೊಂಡು ಹೋಗಿ, 10ರ ತಲೆಯದೊಂದು, 14ರದೊಂದು. ಸ್ಪ್ಯಾನರನ್ನು ಬೋಲ್ಟಿಗೆ ತೊಡಿಸಿ ಅಲ್ಲಾಡಿಸಿ. ಸಲೀಸಾಗಿ ಕೂರಬೇಕು, ಆದರೆ ಅತ್ತಿತ್ತ ಗಡಗಡ ಆಡಬಾರದು. ಓಪನ್ ಬಾಯಿಯ ಎರಡು ದವಡೆಗಳು ಸಮಾನಾಂತರವಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ರಿಂಗಿನ ಒಳಗೆ ಬೆರಳಾಡಿಸಿ. ಹಲ್ಲುಗಳ ನಡುವೆ ಕ್ರೋಮ್ ಗಂಟುಕಟ್ಟಿದ್ದರೆ, ಪದರ ಎದ್ದಿದ್ದರೆ ವಾಪಸ್ ಇಡಿ. ಎದ್ದ ಕ್ರೋಮ್ ಬ್ಲೇಡಿನಂತೆ ಬೆರಳು ಕೊಯ್ಯುತ್ತದೆ.

ನನ್ನ ಗುರುಗಳು ಎರಡು ಸ್ಪ್ಯಾನರ್ ತಾಕಿಸಿ ಠಣ್ ಅಂದರೆ ಒಳ್ಳೆಯ ಮಾಲು ಅನ್ನುತ್ತಿದ್ದರು. ಬಿರುಕಿದ್ದರೆ ಸದ್ದು ಮಂಕಾಗುವುದು ನಿಜ. ಉಕ್ಕಿನ ಗುಣ ಮಾತ್ರ ಆ ಸದ್ದಿನಲ್ಲಿ ತಿಳಿಯುವುದಿಲ್ಲ.

ಗಟ್ಟಿ ಮಿಶ್ರಲೋಹದ ಉಕ್ಕು ಎಂದು ಹೇಳುವ ‘ಕ್ರೋಮ್ ವೆನೇಡಿಯಂ’ ಎಂಬ ಅಕ್ಷರಕ್ಕೂ ಮರುಳಾಗಬೇಡಿ, ಅದನ್ನು ಯಾರು ಬೇಕಾದರೂ ಕೊರೆಯಬಹುದು. ಐಎಸ್‌ಐ ಮುದ್ರೆಯಿದ್ದರೆ ಅದಕ್ಕೊಂದು ತಳಹದಿ ಇದೆ. ಓಪನ್ ಸ್ಪ್ಯಾನರಿಗೆ ಐಎಸ್ 2028, ರಿಂಗಿಗೆ ಐಎಸ್ 2029 ಎಂಬ ಮಾನದಂಡಗಳಿವೆ. ಮುದ್ರೆಯ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪಿಗೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಡಬ್ಬದ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ನಮಸ್ಕಾರ ಹೇಳಿ ಹೊರಡಿ.

ಬ್ರ್ಯಾಂಡ್ ಯಾವುದು ಅಂತ ಕೇಳುವವರಿಗೆ: ನಾಸಿಕ್‌ನ ಟಪಾರಿಯಾ ನಮ್ಮ ಗ್ಯಾರೇಜುಗಳಲ್ಲಿ ಮನೆಮಾತು. ಲೂಧಿಯಾನದ ಈಸ್ಟ್‌ಮನ್ ಕೂಡ ಇದೆ. ಲೂಧಿಯಾನ, ಜಲಂಧರ್‌ಗಳಲ್ಲಿ ತಯಾರಾದ ಕೈಸಾಮಾನು ಹೊರದೇಶಕ್ಕೂ ಹೋಗುತ್ತದೆ. ದಿನಕ್ಕೆ ಹತ್ತು ಗಾಡಿ ಬಿಚ್ಚುವವರಿಗೆ ಈ ಮಟ್ಟದ ದೇಶೀ ಸಾಮಾನು ಧಾರಾಳ ಸಾಕು. ಜರ್ಮನ್ ಸ್ಪ್ಯಾನರ್ ಕೈಯಲ್ಲಿ ಹಿಡಿದರೆ ಸುಖ, ಒಪ್ಪುತ್ತೇನೆ. ಆ ದುಡ್ಡಿಗೆ ಇಲ್ಲಿ ಇಡೀ ಸೆಟ್ಟೇ ಬರುತ್ತದೆ ಅನ್ನುವುದನ್ನೂ ಮರೆಯಬಾರದು. ಒಳ್ಳೆಯ ಹೆಸರಿನ ನಕಲು ಮಾಲೂ ಪೇಟೆಯಲ್ಲಿದೆ. ಅಕ್ಷರ ಒಂದು ಆಚೀಚೆ, ಡಬ್ಬದ ಬಣ್ಣ ಮಾತ್ರ ಅದೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಜೆ.ಸಿ. ರಸ್ತೆಯಲ್ಲೋ ಕೊಳ್ಳುವುದಾದರೆ ಡೀಲರ್ ಬಿಲ್ ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ಸಿಕ್ಕ ರಿಯಾಯಿತಿ ಸ್ಪ್ಯಾನರ್ ಬಾಯಿ ಬಿಟ್ಟ ದಿನ ಉಪಯೋಗಕ್ಕೆ ಬರುವುದಿಲ್ಲ.

ಸಾಕೆಟ್ ಮತ್ತು ರ‍್ಯಾಚೆಟ್

ನಮ್ಮಲ್ಲಿ ಎಲ್ಲ ಕಡೆ ಸಿಗುವುದು ಅರ್ಧ ಇಂಚಿನ ಚೌಕದ ಸೆಟ್, ಅಂದರೆ ಸಾಕೆಟ್ಟಿಗೆ ಹಿಡಿ ಸೇರುವ ಚೌಕದ ಅಳತೆ ಅದು. ಕಾರಿಗೆ ಅದೇ ಸರಿ. ಬೈಕಿನ ಕೆಲಸವೇ ಹೆಚ್ಚಾದರೆ 3/8 ಇಂಚಿನದು ಕೈಗೆ ಹಗುರ, ಇಕ್ಕಟ್ಟಿನಲ್ಲೂ ನುಗ್ಗುತ್ತದೆ. ಸಾಕೆಟ್ಟಿನ ಒಳಗೆ ಆರು ಮೂಲೆಯವು, ಹನ್ನೆರಡು ಮೂಲೆಯವು ಎಂದು ಎರಡು ಜಾತಿ. ಆರು ಮೂಲೆಯದನ್ನೇ ಕೇಳಿ. ಅರ್ಧ ಸವೆದ ನಟ್ಟನ್ನೂ ಅದು ಪಕ್ಕೆಗಳಲ್ಲಿ ಹಿಡಿಯುತ್ತದೆ, ಹನ್ನೆರಡರದು ಜಾರುತ್ತದೆ.

ರ‍್ಯಾಚೆಟ್ ಅಂದರೆ ಸಾಕೆಟ್ಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಹಲ್ಲಿನ ಹಿಡಿ. ಅದನ್ನು ಕೊಳ್ಳುವಾಗ ಹಲ್ಲೆಷ್ಟು ಎಂದು ಕೇಳಿ. 24 ಹಲ್ಲಿದ್ದರೆ ಪ್ರತಿ ಕಟಕಟಕ್ಕೆ 15 ಡಿಗ್ರಿ ತಿರುಗಬೇಕು, 72 ಇದ್ದರೆ 5 ಡಿಗ್ರಿ ಸಾಕು. ಕಾರಿನ ಬಾನೆಟ್ಟಿನೊಳಗೆ ಕೈ ಆಡಲು ಎರಡೇ ಬೆರಳು ಜಾಗ ಇರುವಲ್ಲಿ ಆ ಹತ್ತು ಡಿಗ್ರಿಯೇ ಕೆಲಸ ಉಳಿಸುತ್ತದೆ. ಆದರೆ ರ‍್ಯಾಚೆಟ್ ಎಳೆಯುವ ಸಾಧನ ಅಲ್ಲ. ಅದರ ಹಿಡಿಗೆ ಪೈಪ್ ಸೇರಿಸಿ ಜಗ್ಗಿದರೆ ಒಳಗಿನ ಹಲ್ಲು ಪುಡಿಯಾಗುತ್ತವೆ. 30 ಸೆಂ.ಮೀ. ಹಿಡಿಯ ತುದಿಗೆ 30 ಕಿಲೊ ಭಾರ ಹಾಕಿದರೆ ಬರುವ ತಿರುಚುವ ಬಲ (ಟಾರ್ಕ್) ಸುಮಾರು 90 ನ್ಯೂಟನ್ ಮೀಟರ್. 60 ಸೆಂ.ಮೀ. ಆದರೆ ಅದರ ಎರಡರಷ್ಟು. ಜಾಮ್ ಆದ ನಟ್ಟಿಗೆ ಹಲ್ಲಿಲ್ಲದ ಉದ್ದದ ಬ್ರೇಕರ್ ಬಾರ್ ಬೇರೆಯೇ ಇಟ್ಟುಕೊಳ್ಳಿ.

ಮಿರಮಿರ ಮಿನುಗುವ ಕ್ರೋಮ್ ಸಾಕೆಟ್, ಗಾಳಿಯ ಒತ್ತಡದಲ್ಲಿ ನಟ್ ತಿರುಗಿಸುವ ಗಾಳಿ ಗನ್ನಿಗೆ ಸಲ್ಲದು. ಗನ್ನಿನ ಪೆಟ್ಟಿಗೆ ಅದು ಒಡೆದು ಚೂರು ಕಣ್ಣಿಗೆ ಹಾರಬಹುದು. ಗನ್ನಿಗೆ ಕಪ್ಪಗಿನ, ದಪ್ಪ ಗೋಡೆಯ ಕ್ರೋಮ್ ಮಾಲಿಬ್ಡಿನಂ ಸಾಕೆಟ್ಟೇ ಬೇಕು. ಇಲ್ಲಿ ಚೌಕಾಸಿ ಬೇಡ.

ಎಷ್ಟು ಬಲದಲ್ಲಿ ಬಿಗಿ ಮಾಡಬೇಕೆಂದು ಅಂಕಿ ಹೊಂದಿಸಿಕೊಳ್ಳುವ ಟಾರ್ಕ್ ರೆಂಚ್ ಎರಡನೇ ವರ್ಷಕ್ಕಿರಲಿ, ಅಥವಾ ಗ್ಯಾರೇಜಿನವರೆಲ್ಲ ಸೇರಿ ಒಂದು ಕೊಳ್ಳಿ. 40ರಿಂದ 200 ನ್ಯೂಟನ್ ಮೀಟರಿನದು ಚಕ್ರಕ್ಕೆ ಸರಿ. ಅದನ್ನೇ 10 ನ್ಯೂಟನ್ ಮೀಟರ್ ಸಾಕಾಗುವ 6ರ ಬೋಲ್ಟಿಗೆ ಹಾಕಿದರೆ ಅಲ್ಯೂಮಿನಿಯಂ ಕವರಿನಲ್ಲಿ ಬೋಲ್ಟ್ ಮುರಿದು ಒಳಗೇ ಉಳಿಯುತ್ತದೆ. ಕ್ಲಿಕ್ ಸದ್ದಿನದಾದರೆ, ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಅದರ ಕನಿಷ್ಠ ಅಂಕಿಗೆ ಸಡಿಲಿಸಿ ಇಡಿ.

ಸ್ಕ್ರೂ ಡ್ರೈವರಿನ ಗುಟ್ಟು

ಬೈಕಿನ ಕಾರ್ಬುರೇಟರ್, ಬ್ರೇಕ್ ಆಯಿಲ್ ಮುಚ್ಚಳದ ಸ್ಕ್ರೂಗಳು ಹೂವಿನಂತೆ ಅರಳಿ ಹಾಳಾಗಿರುವುದನ್ನು ನೋಡಿರುತ್ತೀರಿ. ಎಲ್ಲರೂ ಸ್ಕ್ರೂ ಮೆತ್ತಗೆ ಅನ್ನುತ್ತಾರೆ. ಅದು ಅರ್ಧ ಸತ್ಯ. ಜಪಾನೀ ಮೂಲದ ಗಾಡಿಗಳ ಸ್ಕ್ರೂ ನೋಡಲು ಫಿಲಿಪ್ಸ್ ಪ್ಲಸ್ಸಿನಂತಿದ್ದರೂ ಅದು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಎಂಬ ಬೇರೆ ಮಾದರಿ. ತಲೆಯ ಮೇಲೆ ಪುಟ್ಟ ಚುಕ್ಕೆಯಿದ್ದರೆ ಅದೇ ಗುರುತು. ಫಿಲಿಪ್ಸ್ ಡ್ರೈವರ್ ಅದರ ತಳ ಮುಟ್ಟುವುದಿಲ್ಲ, ಮೇಲೆ ಜಾರಿ ತಲೆ ಕೆಡಿಸುತ್ತದೆ. ಜಪಾನಿನ ವೆಸೆಲ್‌ನಂಥವರ ಜೆಐಎಸ್ ಡ್ರೈವರ್ 2 ಮತ್ತು 3ನೇ ನಂಬರಿನವು ಬಿಡಿಯಾಗಿ ಕೊಂಡರೆ ಸಾಕು. ಜೊತೆಗೆ ಸುತ್ತಿಗೆಯಲ್ಲಿ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಂದು. ಬೈಕ್ ಮೆಕ್ಯಾನಿಕ್‌ಗೆ ಇದಕ್ಕಿಂತ ಲಾಭದ ಖರೀದಿ ಇನ್ನೊಂದಿಲ್ಲ.

ಎಲ್ಲಿ ಉಳಿಸಬಹುದು?

ಸುತ್ತಿಗೆ, ಉಳಿ, ತಂತಿ ಬ್ರಷ್, ಸಾಮಾನು ಇಡುವ ತಟ್ಟೆ, ಕೊಳವೆ, ಮ್ಯಾಗ್ನೆಟ್ ಕಡ್ಡಿ, ಇವು ಅಗ್ಗದವೇ ಆಗಲಿ. ಆಯಿಲ್ ಕ್ಯಾನನ್ನು ಉದ್ದಕ್ಕೆ ಸೀಳಿದರೆ ತೊಳೆಯುವ ಟ್ರೇ ತಯಾರು. ಹಳೆಯ ಸಾಮಾನು ಹುಡುಕುವ ಚಟವಿದ್ದರೆ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಬೆಳಿಗ್ಗೆ ಬೇಗ ಅಡ್ಡಾಡಿ. ಹಳೆಯ ಕಾಲದ, ಕಾಯಿಸಿ ಬಡಿದು ಮಾಡಿದ ಸ್ಪ್ಯಾನರ್ ಕೆಲವೊಮ್ಮೆ ಹೊಸದಕ್ಕಿಂತ ವಾಸಿ. ಬಾಯಿ ಅಗಲವಾಗಿದ್ದರೆ, ಗ್ರೈಂಡರ್ ಹಿಡಿದ ಗುರುತಿದ್ದರೆ, ವೆಲ್ಡಿಂಗ್ ಕಂಡರೆ ಬಿಡಿ. ಯಾರದೋ ಹೆಸರು ಕೊರೆದಿದ್ದನ್ನು ಉಜ್ಜಿ ಅಳಿಸಿದ್ದರೂ ಬಿಡಿ, ಇನ್ನೊಬ್ಬ ಮೆಕ್ಯಾನಿಕ್ಕಿನ ಅನ್ನ ಅದು.

ಕಾರಿನ ಕೆಳಗೆ ಇಡುವ ಸ್ಟ್ಯಾಂಡಿನಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. ಜಾಕ್ ಎತ್ತುವುದಕ್ಕಷ್ಟೇ. ಇಟ್ಟಿಗೆ, ಹಾಲೋ ಬ್ಲಾಕ್ ನಂಬಿ ಗಾಡಿಯ ಕೆಳಗೆ ಮಲಗಬಾರದು.

ಪೆಟ್ಟಿಗೆ ಕೊನೆಗೆ

ಹತ್ತು ಸಾವಿರ ಕೈಯಲ್ಲಿದೆ ಅಂದರೆ ನಾನು ಆರು ಸಾವಿರ ಸ್ಪ್ಯಾನರ್-ಸಾಕೆಟ್ಟಿಗೆ, ಎರಡೂವರೆ ಸಾವಿರ ಡ್ರೈವರ್, ಪ್ಲೇಯರ್, ಅಲೆನ್ ಕೀಗಳಿಗೆ ಹಾಕುತ್ತೇನೆ. ಪೆಟ್ಟಿಗೆಗೆ ಉಳಿದ ಒಂದೂವರೆ ಸಾವಿರ. ಸಾಮಾನು ಎಷ್ಟಾಗುತ್ತದೆ ಎಂದು ತಿಳಿಯುವ ಮುನ್ನ ಪೆಟ್ಟಿಗೆ ಕೊಂಡವರು ವರ್ಷದೊಳಗೆ ಎರಡನೆಯದನ್ನು ಕೊಳ್ಳುತ್ತಾರೆ.

ಮನೆಮನೆಗೆ ಹೋಗಿ ರಿಪೇರಿ ಮಾಡುವವರಿಗೆ ಜೇಬುಗಳಿರುವ ಕ್ಯಾನ್ವಾಸ್ ಸುರುಳಿಯೇ ಮೇಲು. ಬೈಕಿನ ಹಿಂದೆ ಕಟ್ಟಬಹುದು, ಬಿಚ್ಚಿ ಹಾಸಿದರೆ ಯಾವ ಜೇಬು ಖಾಲಿ ಎಂದು ಕಣ್ಣಿಗೇ ಬೀಳುತ್ತದೆ. ಎರಡೂ ಕಡೆ ರೆಕ್ಕೆಯಂತೆ ತೆರೆದುಕೊಳ್ಳುವ ಐದು ಟ್ರೇಯ ತಗಡಿನ ಪೆಟ್ಟಿಗೆ ನಮ್ಮವರ ಅಚ್ಚುಮೆಚ್ಚು. ಕೊಳ್ಳುವಾಗ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ. ತಗಡು ಟೊಕ್ ಎಂದು ಒಳಗೆ ಹೋದರೆ ತೆಳು. ಟ್ರೇ ಎತ್ತುವ ಪಟ್ಟಿಗಳ ರಿವೆಟ್ ಅಲ್ಲಾಡಬಾರದು. ತುಂಬಿದ ಪೆಟ್ಟಿಗೆ ಹದಿನೈದು ಕಿಲೊ ದಾಟುವುದು ಮಾಮೂಲಿ, ಮೊದಲು ಸೋಲುವುದು ಆ ರಿವೆಟ್ಟೇ. ತೆರೆದಾಗ ಎರಡು ಪಟ್ಟು ಜಾಗ ತಿನ್ನುತ್ತದೆ ಎಂಬುದೂ ಗಮನದಲ್ಲಿರಲಿ.

ಚಕ್ರದ ಮೇಲಿನ ಡ್ರಾಯರ್ ಟ್ರಾಲಿ ಕೊಳ್ಳುವ ದಿನ ಬಂದಾಗ ಒಂದು ಡ್ರಾಯರನ್ನು ಪೂರ್ತಿ ಎಳೆದು ಅದರ ಮೇಲೆ ಕೈಯೂರಿ ನೋಡಿ. ಬಾಗಿದರೆ ಬೇಡ. ಒಂದು ಡ್ರಾಯರ್ ತೆರೆದಾಗ ಉಳಿದವು ಲಾಕ್ ಆಗುವಂಥದ್ದು ಸಿಕ್ಕರೆ ಒಳ್ಳೆಯದು, ಟ್ರಾಲಿ ಮಗುಚಿ ಕಾಲ ಮೇಲೆ ಬೀಳುವುದಿಲ್ಲ. ಗ್ಯಾರೇಜಿನ ಒಡಕು ಸಿಮೆಂಟ್ ನೆಲದಲ್ಲಿ ಪುಟ್ಟ ಚಕ್ರ ಸಿಕ್ಕಿಕೊಳ್ಳುತ್ತದೆ, ದೊಡ್ಡ ರಬ್ಬರ್ ಚಕ್ರವೇ ಇರಲಿ. ಇಷ್ಟೆಲ್ಲ ಬೇಡ ಅನ್ನುವವರು ಗೋಡೆಗೆ ಪ್ಲೈವುಡ್ ಹಲಗೆ ಹೊಡೆದು, ಮೊಳೆಗೆ ತೂಗುಹಾಕಿ, ಪ್ರತಿ ಸ್ಪ್ಯಾನರಿನ ಸುತ್ತ ಪೇಂಟಿನಲ್ಲಿ ಗೆರೆ ಎಳೆಯಿರಿ. ಸಂಜೆ ಶಟರ್ ಎಳೆಯುವ ಮುನ್ನ ಖಾಲಿ ಆಕಾರ ಕಂಡರೆ ಹುಡುಕಾಟ ಶುರು.

ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಕ್ರೋಮ್ ಇದ್ದರೂ ತುಕ್ಕು ಬರುತ್ತದೆ. ದಿನದ ಕೊನೆಗೆ ಇಂಜಿನ್ ಆಯಿಲ್ ತಾಕಿಸಿದ ಬನಿಯನ್ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಸಾಕು. ಆಯುಧ ಪೂಜೆಯ ದಿನ ಎಲ್ಲ ಸಾಮಾನು ಹೊರಗೆ ಬಂದು, ತೊಳೆಸಿಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುತ್ತದಲ್ಲ, ಮಾರನೆಯ ಬೆಳಿಗ್ಗೆ ಆ ಒದ್ದೆ ಕುಂಕುಮವನ್ನು ರ‍್ಯಾಚೆಟ್ಟಿನ ಸಂದುಗಳಿಂದ ಮರೆಯದೆ ಒರೆಸಿ ಎಣ್ಣೆ ಬಿಡಿ. ಹಾಗೇ ನೋಟ್‌ಬುಕ್ ತೆಗೆದು ಎಣಿಸಿ. 10ರ ಸಾಕೆಟ್ ಒಂದು ಕಡಿಮೆ ಇದ್ದೇ ಇರುತ್ತದೆ. ಅದನ್ನು ಮೊದಲೇ ಎರಡು ಕೊಂಡಿಡಿ.