ಕೋರ್ಟು ಅಳಿಸಿದರೂ ವೀಸಾ ಫಾರಂ ಕೇಳುತ್ತದೆ: ಅಮೆರಿಕದಲ್ಲಿ ಡಿಯುಐ ಕೇಸಾದ ನಮ್ಮೂರಿನವರಿಗೆ

ದಾವಣಗೆರೆಯಲ್ಲಿ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ನಮ್ಮ ಹುಡುಗರಿಗೆ ಗೊತ್ತು. ಗಾಡಿ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ, ಕೋರ್ಟಿಗೆ ಹೋಗಿ 10,000 ರೂಪಾಯಿ ದಂಡ ಕಟ್ಟಬೇಕು. ಕಾನೂನಿನಲ್ಲಿ ಆರು ತಿಂಗಳ ಜೈಲೂ ಇದೆ, ಆದರೆ ಮೊದಲ ಸಲ ಸಾಮಾನ್ಯವಾಗಿ ದಂಡದಲ್ಲೇ ಮುಗಿಯುತ್ತದೆ. ಆಮೇಲೆ ಅದರ ಸುದ್ದಿ ಎತ್ತುವವರು ಮನೆಯವರು ಮಾತ್ರ. ಇದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಅಮೆರಿಕಕ್ಕೆ ಬರುತ್ತಾರೆ. ಇಲ್ಲಿ ಡಿಯುಐ, ಅಂದರೆ ಕುಡಿದು ಗಾಡಿ ಓಡಿಸಿದ ಕೇಸಾದರೆ, ದಂಡ ಕಟ್ಟಿ, ಕ್ಲಾಸಿಗೆ ಹೋಗಿ, ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ಷರತ್ತಿನ ಮೇಲೆ ಹೊರಗಿರುವ ಅವಧಿ) ಮುಗಿಸಿ, ಕೊನೆಗೆ ಎಕ್ಸ್‌ಪಂಜ್ ಮಾಡಿಸಿದರೆ, ಅಂದರೆ ಕೋರ್ಟಿನಲ್ಲಿ ಆ ಕೇಸು ಅಳಿಸಿಹಾಕಿಸಿದರೆ, ಪಾಟಿ ಒರೆಸಿದ ಹಾಗೆ ಅಂದುಕೊಳ್ಳುತ್ತಾರೆ. ಹಾಗಲ್ಲ.

ಮೊದಲು ರಾಜ್ಯದ ವಿಷಯ ಬೇಗ ಮುಗಿಸುತ್ತೇನೆ. ಗೆಳೆಯನ ಕೇಸು ಕ್ಲಿಯರ್ ಆಯ್ತು, ನನ್ನದೂ ಆಗುತ್ತೆ ಅನ್ನಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಪೀನಲ್ ಕೋಡ್ 1203.4 ಇದೆ. ಡಿಯುಐ ಪ್ರೊಬೇಷನ್ ಸಾಮಾನ್ಯವಾಗಿ 3ರಿಂದ 5 ವರ್ಷ. ಅದು ಮುಗಿದ ಮೇಲೆ ಸಿಆರ್-180 ಫಾರಂ ತುಂಬಿ ಅದೇ ಕೋರ್ಟಿಗೆ ಕೊಡಬೇಕು. ವಕೀಲರಿಲ್ಲದೆಯೂ ಆಗುತ್ತದೆ. ಜಡ್ಜ್ ಒಪ್ಪಿದರೆ ಕೇಸು ವಜಾ. ಖಾಸಗಿ ಕೆಲಸ ಹುಡುಕುವಾಗ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಡಿಎಂವಿ (ನಮ್ಮ ಆರ್‌ಟಿಓ ಇದ್ದ ಹಾಗೆ) ದಾಖಲೆ ಹಾಗೇ ಇರುತ್ತದೆ. 10 ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಹಳೆಯದನ್ನೂ ಸೇರಿಸಿ ಎಣಿಸುತ್ತಾರೆ. ಟೆಕ್ಸಾಸಿನಲ್ಲಿ ಶಿಕ್ಷೆಯಾದ ಕೇಸು ಅಳಿಸಲು ಬರುವುದಿಲ್ಲ. ಮೊದಲ ಸಲವಾಗಿದ್ದು, ರಕ್ತದಲ್ಲಿ ಮದ್ಯದ ಅಳತೆ ಶೇಕಡಾ 0.15ಕ್ಕಿಂತ ಕಡಿಮೆ ಇದ್ದರೆ, ಬೇರೆ ಷರತ್ತುಗಳೂ ಕೂಡಿಬಂದರೆ, ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮುಚ್ಚಿಸಬಹುದು. ಇಲಿನಾಯ್‌ನಲ್ಲಿ ಶಿಕ್ಷೆಯಾದ ಮೇಲೆ ಅಳಿಸುವುದೂ ಇಲ್ಲ, ಮುಚ್ಚುವುದೂ ಇಲ್ಲ. ನ್ಯೂಜೆರ್ಸಿಯದು ಇನ್ನೂ ವಿಚಿತ್ರ. ಅಲ್ಲಿ ಇದು ಕ್ರಿಮಿನಲ್ ಅಪರಾಧವೇ ಅಲ್ಲ, ಟ್ರಾಫಿಕ್ ತಪ್ಪು. ಹಾಗಾಗಿಯೇ ಅಳಿಸುವ ದಾರಿಯೂ ಇಲ್ಲ!

ಈಗ ಅಸಲಿ ವಿಷಯ. ಕೋರ್ಟು ರಾಜ್ಯದ್ದು, ವೀಸಾ ಕೇಂದ್ರ ಸರ್ಕಾರದ್ದು. ರಾಜ್ಯ ಅಳಿಸಿದ್ದನ್ನು ಇಮಿಗ್ರೇಷನ್ ಒಪ್ಪಿಕೊಳ್ಳಬೇಕೆಂದಿಲ್ಲ. 1996ರ ಕಾನೂನಿನ ಪ್ರಕಾರ ನೀವು ತಪ್ಪೊಪ್ಪಿಕೊಂಡು, ಜಡ್ಜ್ ಏನಾದರೂ ಶಿಕ್ಷೆಯೋ ಕಟ್ಟುಪಾಡೋ ಹಾಕಿದ್ದರೆ ಅದು ಶಿಕ್ಷೆಯಾದ ಕೇಸೇ. ಪ್ರೊಬೇಷನ್ ಚೆನ್ನಾಗಿ ಮುಗಿಸಿದ್ದಕ್ಕೆ ಸಿಕ್ಕ ವಜಾ ಅದನ್ನು ಬದಲಿಸುವುದಿಲ್ಲ. ವೀಸಾಕ್ಕೆ ತುಂಬುವ ಡಿಎಸ್-160 ಫಾರಂನಲ್ಲಿ ಒಂದು ಪ್ರಶ್ನೆ ಬರುತ್ತದೆ: ಎಂದಾದರೂ ಅರೆಸ್ಟ್ ಆಗಿದ್ದೀರಾ, ಶಿಕ್ಷೆಯಾಗಿದೆಯಾ? ಕ್ಷಮಾದಾನ ಸಿಕ್ಕಿದ್ದರೂ, ಅಂಥದ್ದೇ ಬೇರೇನಾದರೂ ಆಗಿದ್ದರೂ ಹೇಳಬೇಕು ಅಂತ ಅದೇ ಸಾಲಿನಲ್ಲಿದೆ. ಪೂರ್ತಿ ಓದುವವರು ಕಡಿಮೆ.

ವಿದ್ಯಾನಗರ ಕಡೆಯ ಹುಡುಗನೊಬ್ಬ ಕ್ಯಾಲಿಫೋರ್ನಿಯಾದಲ್ಲಿ ಕೇಸು ವಜಾ ಮಾಡಿಸಿಕೊಂಡು ತಂಗಿ ಮದುವೆಗೆ ದಾವಣಗೆರೆಗೆ ಹೋದ. "ನಿನ್ನ ರೆಕಾರ್ಡ್ ಈಗ ಕ್ಲೀನ್, ಯಾರು ಕೇಳಿದರೂ ಇಲ್ಲ ಅನ್ನು" ಅಂತ ಅವನ ವಕೀಲ ಹೇಳಿದ್ದನಂತೆ. ಕಂಪನಿ ಕೆಲಸಕ್ಕಾದರೆ ಆ ಮಾತು ಸರಿ. ಇವನು ವೀಸಾ ಫಾರಂನಲ್ಲೂ ಇಲ್ಲ ಅಂತ ಟಿಕ್ ಮಾಡಿದ್ದ. ಪುಣ್ಯಕ್ಕೆ ಚೆನ್ನೈ ಇಂಟರ್‌ವ್ಯೂಗೆ ಹೋಗುವ ಮುಂಚೆ ಅವನ ಭಾವ ನೋಡಿ ಬೈದು ಬೇರೆ ಫಾರಂ ಹಾಕಿಸಿದರು. ಬೆರಳಚ್ಚು ಕೊಟ್ಟ ಕೂಡಲೇ ಅರೆಸ್ಟ್ ಹೊರಬೀಳುವ ಸಾಧ್ಯತೆ ಜಾಸ್ತಿ. ಒಂದು ಸಾದಾ ಡಿಯುಐ ಇದ್ದ ಮಾತ್ರಕ್ಕೆ ವೀಸಾ ಸಾಮಾನ್ಯವಾಗಿ ಶಾಶ್ವತವಾಗಿ ಹೋಗುವುದಿಲ್ಲ. ಬೇಕಂತಲೇ ಸುಳ್ಳು ಹೇಳಿದ್ದಾನೆ ಅಂತ ಬರೆದುಬಿಟ್ಟರೆ ಜೀವನಪೂರ್ತಿ ನಿರ್ಬಂಧ. ಯಾವುದು ದೊಡ್ಡದು, ನೀವೇ ನೋಡಿ.

ಅವನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಅರೆಸ್ಟ್ ಆದ ಕೆಲವೇ ವಾರಗಳಲ್ಲಿ ರದ್ದಾಗಿತ್ತು. ಇಮೇಲ್ ಕಾಲೇಜಿನ ಹಳೇ ಅಕೌಂಟಿಗೆ ಹೋಗಿ ಕೂತಿತ್ತು. 2015ರಿಂದ ಈಚೆಗೆ ಇದೇ ಪದ್ಧತಿ. ಶಿಕ್ಷೆಯಾಗುವುದು ಬೇಕಿಲ್ಲ, ಕಳೆದ ಐದು ವರ್ಷದೊಳಗೆ ಡಿಯುಐ ಅರೆಸ್ಟ್ ಇದ್ದರೆ ಸಾಕು. ವೀಸಾ ರದ್ದಾದರೂ ಅಮೆರಿಕದೊಳಗೆ ಐ-94 (ದೇಶದೊಳಗೆ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ) ಇರುವವರೆಗೆ ಕೆಲಸ ಮಾಡಿಕೊಂಡಿರಬಹುದು, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಹೊರಗೆ ಕಾಲಿಟ್ಟರೆ ಹೊಸ ಸ್ಟಾಂಪಿಂಗ್ (ಮತ್ತೆ ವೀಸಾ ಹಾಕಿಸಿಕೊಳ್ಳುವುದು), ಅದರ ಜೊತೆಗೆ ಕಾನ್ಸುಲೇಟ್ ಗೊತ್ತುಮಾಡಿದ ಡಾಕ್ಟರ ಹತ್ತಿರ ಕುಡಿತದ ತಪಾಸಣೆ. ಕುಡಿತದ ಚಟ ಇದೆ ಅಂತ ಡಾಕ್ಟರ್ ಬರೆದರೆ ವರ್ಷವೇ ಕಾಯಬೇಕಾಗಬಹುದು.

ಕಾಗದಪತ್ರದ್ದು ಇನ್ನೊಂದು ಗೋಳು. ಪೊಲೀಸ್ ರಿಪೋರ್ಟು, ಮೂಲ ತೀರ್ಪು, ಪ್ರೊಬೇಷನ್ ಮುಗಿದ ದಾಖಲೆ ಕೇಳಿದರು. ಅವನ ಹತ್ತಿರ ಇದ್ದದ್ದು ವಜಾ ಆರ್ಡರ್ ಒಂದೇ. ರಾತ್ರಿ ಹನ್ನೊಂದರ ಮೇಲೆ ದಾವಣಗೆರೆಯಿಂದ ಕ್ಯಾಲಿಫೋರ್ನಿಯಾ ಕೋರ್ಟಿನ ಗುಮಾಸ್ತರಿಗೆ ಫೋನ್ ಮಾಡುತ್ತಾ ಕೂತ. ಮದುವೆ ಚಪ್ಪರ ಬಿಚ್ಚಿ, ತಂಗಿ ಗಂಡನ ಮನೆಗೆ ಹೋಗಿ, ಇವನಿಗೆ ಸಂಬಳ ನಿಂತರೂ ವೀಸಾ ಬಂದಿರಲಿಲ್ಲ. ಹಾಗಾಗಿ ಅಳಿಸುವ ಅರ್ಜಿ ಹಾಕುವ ಮೊದಲೇ ಎಲ್ಲದರ ಸರ್ಟಿಫೈಡ್ ಕಾಪಿ ಎರಡೆರಡು ಸೆಟ್ ತೆಗೆದಿಟ್ಟುಕೊಳ್ಳಿ. ಕೇಸು ಪೂರ್ತಿ ಸೀಲ್ ಮಾಡುವ ರಾಜ್ಯಗಳಲ್ಲಂತೂ ಆಮೇಲೆ ನಿಮ್ಮದೇ ಕಾಗದ ನಿಮಗೇ ಸುಲಭವಾಗಿ ಸಿಗದು. 18 ಡಾಲರ್ ಕಟ್ಟಿ ಎಫ್‌ಬಿಐನಿಂದ ನಿಮ್ಮ ದಾಖಲೆ ತರಿಸಿ ನೋಡಿ. ವೀಸಾ ಆಫೀಸರ್ ಕೇಳುವ ಮುಂಚೆ ಏನಿದೆ ಅಂತ ನಿಮಗೇ ಗೊತ್ತಿರಬೇಕು, ಅಲ್ವಾ? ಕ್ರಿಮಿನಲ್ ವಕೀಲರ ಜೊತೆಗೆ ಇಮಿಗ್ರೇಷನ್ ವಕೀಲರನ್ನೂ ಕೇಳಿ. ತಪ್ಪೊಪ್ಪಿಕೊಳ್ಳುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.

ಯಾವ ವ್ಯವಸ್ಥೆ ಮೇಲು? ಅಳತೆಯಲ್ಲಿ ನಮ್ಮದೇ ಬಿಗಿ, 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಇಲ್ಲಿ 80, ಯೂಟಾದಲ್ಲಿ ಮಾತ್ರ 50. ಕುಡಿದವನನ್ನು ಹೆದರಿಸುವುದರಲ್ಲಿ ಇಲ್ಲಿಯದೇ ಮೇಲು ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ದಂಡ ಕಟ್ಟಿದವನು ಮುಂದಿನ ಶನಿವಾರ ಅದೇ ಬೈಕ್ ಹತ್ತುತ್ತಾನೆ. ಆದರೆ ಒಂದೇ ಕೇಸನ್ನು ಒಂದು ಸರ್ಕಾರ ವಜಾ ಅನ್ನುವುದು, ಇನ್ನೊಂದು ಸರ್ಕಾರ ಇದೆ ಅನ್ನುವುದು ನನಗಂತೂ ಅನ್ಯಾಯ ಅನಿಸುತ್ತದೆ.

ಗ್ರೀನ್ ಕಾರ್ಡ್ ಇರುವವರೂ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ. ಪೌರತ್ವದ ಎನ್-400 ಅರ್ಜಿಯೂ ಅಳಿಸಿದ ಕೇಸನ್ನು ಕೇಳುತ್ತದೆ. ಲೆಕ್ಕಕ್ಕೆ ಬರುವ ವರ್ಷಗಳಲ್ಲಿ ಎರಡು ಡಿಯುಐ ಶಿಕ್ಷೆ ಇದ್ದರೆ ನಡತೆ ಸರಿಯಿಲ್ಲ ಅಂತಲೇ ಶುರುಮಾಡುತ್ತಾರೆ, ಇದು 2019ರ ತೀರ್ಮಾನ.

ಅಪ್ಪ ಅಮ್ಮ ಬಂದಾಗ ನಯಾಗರಾ ತೋರಿಸಲು ಕೆನಡಾಕ್ಕೆ ದಾಟುವವರಿಗೆ ಒಂದು ಮಾತು. 2018ರ ಡಿಸೆಂಬರ್ 18ರಿಂದ ಕೆನಡಾ ಕುಡಿದು ಓಡಿಸುವುದನ್ನು ಗಂಭೀರ ಅಪರಾಧದ ಪಟ್ಟಿಗೆ ಸೇರಿಸಿದೆ. ಗಡಿಯಲ್ಲಿ ಅಪ್ಪನ ಎದುರಿಗೇ ವಾಪಸ್ ಕಳಿಸಿದರೆ ಏನು ಹೇಳುತ್ತೀರಿ? ಜಲಪಾತ ಅಮೆರಿಕದ ಕಡೆಯಿಂದಲೇ ತೋರಿಸಿ.