ಸಂದರ್ಶನದ ನಂತರ ಸಂಸ್ಥೆಗೆ ಬರೆಯುವ ಬಗೆ

ಸಂದರ್ಶನ ಮುಗಿಸಿ ಹೊರಡುವ ಮುನ್ನವೇ, ಫಲಿತಾಂಶ ಯಾವಾಗ ತಿಳಿಯುತ್ತದೆ ಮತ್ತು ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. 24 ಗಂಟೆಗಳೊಳಗೆ ಕೃತಜ್ಞತೆಯ ಇಮೇಲ್ ಕಳುಹಿಸಿ. ಅದರಲ್ಲಿ ಹುದ್ದೆಯ ಹೆಸರು, ಸಂದರ್ಶನದ ದಿನಾಂಕ ಹಾಗೂ ಅಲ್ಲಿ ಚರ್ಚೆಯಾದ ಒಂದು ನಿರ್ದಿಷ್ಟ ವಿಷಯ ಇರಲಿ. ಲೆಕ್ಕಪತ್ರ ವಿಭಾಗದ ಹುದ್ದೆಯಾದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಕೆಯ ಕುರಿತ ಪ್ರಶ್ನೆಗೆ ಅಂದು ಪೂರ್ತಿಯಾಗಿ ಹೇಳಲಾಗದೆ ಉಳಿದ ಉತ್ತರವನ್ನು ಎರಡು ವಾಕ್ಯಗಳಲ್ಲಿ ತಿಳಿಸಬಹುದು, ಮತ್ತು ಎಲ್ಲರಿಗೂ ಕಳುಹಿಸುವ ಸಿದ್ಧ ಒಕ್ಕಣೆಗಿಂತ ಇದು ಎಷ್ಟೋ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಅವರು ಹೇಳಿದ ಗಡುವು ಮೀರಿದರೆ ಎರಡು-ಮೂರು ಕೆಲಸದ ದಿನ ಕಾದು, ಅದೇ ಇಮೇಲ್ ಸರಣಿಯಲ್ಲಿ ವಿನಯದಿಂದ ವಿಚಾರಿಸಿ. ಎಚ್‌ಆರ್ ಅಧಿಕಾರಿಯೇ ಸೂಚಿಸದ ಹೊರತು ಅವರ ಖಾಸಗಿ ವಾಟ್ಸ್‌ಆ್ಯಪ್‌ಗೆ ಸಂದೇಶ ಕಳುಹಿಸಬೇಡಿ. ಈ ನಡುವೆ ಬೇರೆಡೆಯಿಂದ ಆಫರ್ ಬಂದರೆ, ಅದಕ್ಕೆ ಉತ್ತರಿಸಬೇಕಾದ ಕೊನೆಯ ದಿನಾಂಕವನ್ನು ಮುಚ್ಚಿಡದೆ ತಿಳಿಸಿ.